ಕಡಮತ್‌ನಲ್ಲಿ ಐದು ರಾತ್ರಿ: ಮಂಗಳೂರಿನಿಂದ ಹೊರಡುವವರಿಗೆ

ಮಂಗಳೂರಿನ ಬಂದರಿನ ಕೊಬ್ಬರಿ ಮಂಡಿಯೊಂದರಲ್ಲಿ ಅಪ್ಪ ಲೆಕ್ಕ ಬರೆಯುತ್ತಿದ್ದರು. ಅವರ ಬಾಯಲ್ಲಿ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ಎಂದರೆ ಕಾರ್ಕಳ, ಮೂಡುಬಿದಿರೆ ಎಂದಂತೆ. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೆ ಆ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಂದ ತೆಂಗಿನ ನಾರಿನ ಹಗ್ಗ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಇಷ್ಟು ಬಳಕೆಯ ಊರಿಗೆ ಹೋಗಿಬರಲು ನನಗೆ ಐವತ್ತೆಂಟು ವರ್ಷ ಹಿಡಿಯಿತು. ಬಂದ ಮೇಲೆ ನೆಂಟರೆಲ್ಲ ಒಂದೇ ಪ್ರಶ್ನೆಗಳನ್ನು ಕೇಳುತ್ತಿರುವುದರಿಂದ ಉತ್ತರವನ್ನು ಬರೆದೇ ಇಟ್ಟಿದ್ದೇನೆ. ರೆಸಾರ್ಟ್‌ಗೆ ಹೋಗುವವರು ಇದನ್ನು ಓದಬೇಕಾಗಿಲ್ಲ. ಮನೆಯವರು ಹಿತ್ತಲಿನಲ್ಲಿ ಎರಡು ಕೋಣೆ ಕಟ್ಟಿಸಿ, ತಾವು ಉಣ್ಣುವುದನ್ನೇ ನಿಮಗೂ ಬಡಿಸುವಂತಹ ಕಡೆ ಉಳಿಯುವವರಿಗೆ ಮಾತ್ರ.

ಮೊದಲು ಅನುಮತಿಪತ್ರ. ಭಾರತೀಯರಾದರೂ ಲಕ್ಷದ್ವೀಪಕ್ಕೆ ಅದಿಲ್ಲದೆ ಕಾಲಿಡುವಂತಿಲ್ಲ. 1967ರ ನಿಯಮ ಇಂದಿಗೂ ನಡೆಯುತ್ತಿದೆ. ಯಾವ ದ್ವೀಪಕ್ಕೆ ಎಂಬುದು ಅದರಲ್ಲೇ ಇರುತ್ತದೆ, ಆದ್ದರಿಂದ ಕಡಮತ್‌ಗೆ ಹೋದವರು ‘ಪಕ್ಕದ ಅಮಿನಿಯನ್ನೂ ನೋಡಿ ಬರೋಣ’ ಎನ್ನುವ ಹಾಗಿಲ್ಲ. ನನ್ನಿಂದ ಪೊಲೀಸ್ ದೃಢೀಕರಣ ಪತ್ರವನ್ನೂ ಕೇಳಿದ್ದರು. ಅರ್ಜಿಯನ್ನು ಕೋಣೆ ಕೊಡುವ ಮನೆಯವರ ಮೂಲಕವೇ ಹಾಕಿಸುವುದು ಒಳ್ಳೆಯದು. ನಾನು ಮೊದಲು ಒಬ್ಬ ಏಜೆಂಟರನ್ನು ನಂಬಿದ್ದೆ. ಆತ ಮುಂಗಡ ತೆಗೆದುಕೊಂಡು, ಎರಡು ತಿಂಗಳು ‘ನಾಳೆ ಬರುತ್ತದೆ ಮೇಡಂ’ ಎಂದು ಹೇಳಿ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಅನುಮತಿಪತ್ರ ಕೈಗೆ ಬಾರದೆ ಹಡಗಿನ ಟಿಕೆಟನ್ನೂ ರೈಲಿನ ಟಿಕೆಟನ್ನೂ ಕೊಳ್ಳಬೇಡಿ.

ನಮ್ಮ ಹಳೆ ಬಂದರಿನಿಂದ ಮಂಜಿಗಳು ಹೋಗುತ್ತವೆ, ಆದರೆ ಅವು ತರಕಾರಿ, ಸಿಮೆಂಟು, ಜಲ್ಲಿ ಹೊರುವ ಮರದ ಹಡಗುಗಳು. ಪ್ರಯಾಣಿಕರಿಗೆ ಕೊಚ್ಚಿಯೇ ಗತಿ. ಮಂಗಳೂರು ಸೆಂಟ್ರಲ್‌ನಿಂದ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿ ಎರ್ನಾಕುಲಂನಲ್ಲಿ ಇಳಿದರೆ ವಿಲಿಂಗ್ಡನ್ ದ್ವೀಪದ ಹಡಗುಕಟ್ಟೆ ಹತ್ತಿರ. ವಿಮಾನ ಬೇಕೆಂದರೆ ಆಲುವಾದಲ್ಲೇ ಇಳಿಯಿರಿ. ಆದರೆ ವಿಮಾನ ಅಗತ್ತಿ ದ್ವೀಪದವರೆಗೆ ಮಾತ್ರ, ಅಲ್ಲಿಂದ ಮುಂದೆ ಮತ್ತೆ ನೀರೇ. ಹಡಗಿನಲ್ಲಿ ಹದಿನಾಲ್ಕರಿಂದ ಇಪ್ಪತ್ತು ಗಂಟೆ. ದಾರಿಯಲ್ಲಿ ಬೇರೆ ದ್ವೀಪ ಮುಟ್ಟಿದರೆ ಇನ್ನೂ ಹೆಚ್ಚು. ವಾಂತಿಯ ಮಾತ್ರೆಯನ್ನು ಹಡಗು ಅಲುಗಾಡುವ ಮೊದಲೇ ನುಂಗಬೇಕು. ಅಲುಗಾಡಿದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಚಕ್ರದ ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕುವ ಚೀಲ ಇರಲಿ. ದೊಡ್ಡ ಹಡಗು ಹವಳದ ದಿಬ್ಬ ದಾಟಿ ಒಳಗೆ ಬರಲಾರದು, ಹೊರಗೇ ನಿಲ್ಲುತ್ತದೆ. ಕೆಳಗೆ ದೋಣಿ ಆಳೆತ್ತರ ಏರಿ ಇಳಿಯುತ್ತಿರುತ್ತದೆ. ಇಬ್ಬರು ನಾವಿಕರು ತೋಳು ಹಿಡಿದು, ದೋಣಿ ಮೇಲೆ ಬಂದ ಕ್ಷಣಕ್ಕೆ ‘ಈಗ’ ಎನ್ನುತ್ತಾರೆ. ಆಗ ಯೋಚನೆ ಮಾಡಬಾರದು. ಉಡುಪಿಯ ನನ್ನ ಗೆಳತಿ ಯೋಚನೆ ಮಾಡಿದಳು, ಒಂದು ಚಪ್ಪಲಿ ಅರಬ್ಬೀ ಸಮುದ್ರಕ್ಕೆ ಹೋಯಿತು. ಪಟ್ಟಿ ಇರುವ ಚಪ್ಪಲಿಯನ್ನೇ ಹಾಕಿಕೊಳ್ಳಿ. ಇಳಿದೊಡನೆ ಪೊಲೀಸ್ ಠಾಣೆಯಲ್ಲಿ ಅನುಮತಿಪತ್ರ ತೋರಿಸಬೇಕು, ಅದು ಐದು ನಿಮಿಷದ ಕೆಲಸ.

ಹಣ ಕಟ್ಟುವ ಮೊದಲು ಫೋನಿನಲ್ಲಿ ಕೇಳಬೇಕಾದದ್ದು ಎ.ಸಿ. ಇದೆಯೇ ಎಂದಲ್ಲ. ಕುಡಿಯುವ ನೀರು ಎಲ್ಲಿಯದು, ಸ್ನಾನದ ನೀರು ಎಲ್ಲಿಯದು, ಬಾಡಿಗೆಯಲ್ಲಿ ಊಟ ಸೇರಿದೆಯೇ, ಹಡಗುಕಟ್ಟೆಯಿಂದ ಕರೆದೊಯ್ಯುವವರು ಯಾರು, ಹಡಗು ತಡವಾದರೆ ಹೆಚ್ಚುವರಿ ರಾತ್ರಿಗೆ ಕೋಣೆ ಸಿಗುತ್ತದೆಯೇ, ಇಷ್ಟು ಸಾಕು. ನೀರಿನ ಪ್ರಶ್ನೆಗೆ ಯಾರು ಉದ್ದವಾಗಿ ಉತ್ತರಿಸುತ್ತಾರೋ ಅವರ ಮನೆಯನ್ನೇ ಆರಿಸಿ.

ಏಕೆಂದರೆ ಅಲ್ಲಿ ಹೊಳೆಯಿಲ್ಲ, ತೋಡಿಲ್ಲ. ಹವಳದ ಮರಳಿನೊಳಗೆ ಇಳಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಬಾವಿಯಲ್ಲಿ ಸಿಗುವುದು ಅದೇ. ಪಂಪು ಹಾಕಿ ಭರ್ರನೆ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ, ಮತ್ತೆ ಸಿಹಿಯಾಗಲು ಮಳೆಗಾಲ ಬರಬೇಕು. ನಾವು ಉಳಿದಿದ್ದ ಮನೆಯ ಬಾವಿ ನಾನು ಬಗ್ಗಿದರೆ ಕೈಗೆ ಸಿಗುವಷ್ಟು ಆಳವಿತ್ತು. ಬೆಳಿಗ್ಗೆ ಮುಖ ತೊಳೆಯುವಾಗ ಒಳಗಿನ ಕಲ್ಲಿನಲ್ಲಿ ಒಂದು ಗೇಣು ಒದ್ದೆಯ ಪಟ್ಟಿ ಕಂಡಿತು. ಯಾರೋ ಬಹಳ ನೀರು ಸೇದಿದ್ದಾರೆ ಎಂದುಕೊಂಡೆ. ಮಧ್ಯಾಹ್ನ ನೋಡಿದರೆ ಪಟ್ಟಿ ಮುಳುಗಿತ್ತು, ಒಂದು ಹನಿ ಮಳೆ ಬಿದ್ದಿರಲಿಲ್ಲ. ಸಮುದ್ರದ ಉಬ್ಬರ ಇಳಿತಕ್ಕೆ ಬಾವಿಯೂ ಉಸಿರಾಡುತ್ತದೆ ಎಂದು ಆಗ ತಿಳಿಯಿತು. ಆದ್ದರಿಂದ ಒಬ್ಬರಿಗೆ ಒಂದು ಬಕೆಟ್ ಸ್ನಾನ. ಜೀನ್ಸ್ ಒಗೆಯುವುದನ್ನು ಊರಿಗೆ ಬಂದು ಮಾಡಿಕೊಳ್ಳಿ. ಸಾಬೂನು ಸರಿಯಾಗಿ ನೊರೆ ಬರುವುದಿಲ್ಲ, ಕೂದಲು ಕತ್ತದಂತಾಗುತ್ತದೆ. ತೆಂಗಿನೆಣ್ಣೆಗೆ ಮಾತ್ರ ಬರವಿಲ್ಲ. ಕುಡಿಯಲು ಬಾವಿಯ ನೀರಾದರೆ ಕುದಿಸಿದ್ದೇ ಬೇಕು, ಶೌಚಗುಂಡಿಗಳು ದೂರವಿರುವಷ್ಟು ಜಾಗ ಅಲ್ಲಿ ಯಾರಿಗೂ ಇಲ್ಲ. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕವಿದೆ: ಮೇಲ್ಮೈಯ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ಎಳೆದ ತಣ್ಣೀರಿನಿಂದ ಅದನ್ನು ತಂಪುಗೊಳಿಸುತ್ತಾರೆ. ಆ ಬಗೆಯ ನೀರಿಗೆ ರುಚಿಯೇ ಇಲ್ಲ ಎಂದು ಮೂಗು ಮುರಿಯುವವರು ಬಾವಿಯ ನೀರಿನ ಚಹಾ ಕುಡಿದು ನೋಡಲಿ.

ವಿದ್ಯುತ್ತು ಹೆಚ್ಚಾಗಿ ಹಡಗಿನಲ್ಲಿ ಬಂದ ಡೀಸೆಲ್‌ನಿಂದ. ಕೋಣೆಯಿಂದ ಹೊರಡುವಾಗ ಫ್ಯಾನ್ ಆರಿಸಿ.

ಊಟದ ಬಗ್ಗೆ ಮೀನು ತಿನ್ನುವವರಿಗೆ ನಾನೇನೂ ಹೇಳಬೇಕಾಗಿಲ್ಲ. ಮೂರು ಹೊತ್ತೂ ಟ್ಯೂನಾ. ಅದನ್ನು ಬೇಯಿಸಿ, ಹೊಗೆಗೆ ಹಿಡಿದು, ಬಿಸಿಲಿನಲ್ಲಿ ಕಟ್ಟಿಗೆಯಂತೆ ಒಣಗಿಸಿದ ‘ಮಾಸ್’ ತುಂಡೊಂದನ್ನು ಕೇಳಿ ಪಡೆಯಿರಿ. ತೆಂಗಿನಕಾಯಿಯ ಜೊತೆ ಕುಟ್ಟಿದರೆ ನಮ್ಮ ಒಣಮೀನಿನ ಚಟ್ನಿ ನಾಚಬೇಕು. ಸಸ್ಯಾಹಾರಿಗಳು ಮಾತ್ರ ಮೊದಲೇ ಹೇಳಬೇಕು, ತರಕಾರಿಯೆಲ್ಲ ಸಮುದ್ರ ದಾಟಿ ಬರುವಂಥದ್ದು. ನನ್ನ ಗೆಳತಿ ಎರಡು ದಿನ ಅನ್ನ, ತೆಂಗಿನ ಹಾಲು, ಉಪ್ಪಿನಕಾಯಿಯಲ್ಲಿ ಕಳೆದಳು. ಮೂರನೆಯ ದಿನ ಹಿತ್ತಲಿನ ಮರ ನೋಡಿ ‘ಅಯ್ಯೋ, ಜೀಗುಜ್ಜೆ!’ ಎಂದು ಕೂಗಿದಳು. ಅಲ್ಲಿಂದ ಮುಂದೆ ಜೀಗುಜ್ಜೆ ಪೋಡಿ, ಜೀಗುಜ್ಜೆ ಪಲ್ಯ, ಜೀಗುಜ್ಜೆ ಹುಳಿ. ಅಡುಗೆಮನೆಗೆ ನುಗ್ಗಲು ಒಪ್ಪಿಗೆ ಪಡೆದಿದ್ದಳು ಎನ್ನಿ. ನಾನು ಬಂದರಿನಲ್ಲಿ ಕಲಿತ ಅರೆಬರೆ ಬ್ಯಾರಿ ಭಾಷೆಯಲ್ಲಿ ದುಭಾಷಿಯಾದೆ. ಅಲ್ಲಿಯ ಜಸರಿ ಮಲಯಾಳಕ್ಕೆ ಅದು ಮುಕ್ಕಾಲು ಪಾಲು ಸಾಕಾಗುತ್ತದೆ.

ಮದ್ಯ ನಿಷಿದ್ಧ, ಚೀಲದಲ್ಲಿ ಅಡಗಿಸಿ ಒಯ್ಯುವ ಜಾಣತನ ಬೇಡ. ಈಜುಡುಗೆ ಪ್ರವಾಸಿಗಳ ಕಡಲತೀರದಲ್ಲಿ ಸರಿ, ಮನೆಗಳ ನಡುವಿನ ಓಣಿಯಲ್ಲಿ ಮೈಮುಚ್ಚುವ ಬಟ್ಟೆ ಇರಲಿ. ಶುಕ್ರವಾರ ಮಧ್ಯಾಹ್ನ ಏನನ್ನೂ ಕೊಳ್ಳಲು ಹೋಗಬೇಡಿ. ಈಜಲು ಪಶ್ಚಿಮದ ಲಗೂನ್, ಅಂದರೆ ಹವಳದ ದಿಬ್ಬದ ಒಳಗಿನ ಕಡಲು, ಶಾಂತವಾಗಿರುತ್ತದೆ. ಇಳಿತದಲ್ಲಿ ಹವಳದ ಮೇಲೆ ನಡೆಯಬೇಡಿ, ದಡದಲ್ಲಿ ಬಿದ್ದ ಸತ್ತ ಹವಳದ ತುಂಡನ್ನೂ ಚೀಲಕ್ಕೆ ಹಾಕಬೇಡಿ. ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ನಗದು ಸಾಕಷ್ಟು ಇರಲಿ. ಮೊಬೈಲ್ ಪಾವತಿ ನೆಟ್‌ವರ್ಕಿನ ಮರ್ಜಿಗೆ ಬಿಟ್ಟದ್ದು.

ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಹೋಗಬಹುದು. ಆಗಲೂ ವಾಪಸಿನ ರೈಲಿಗೆ ಎರಡು ದಿನದ ಬಿಡುವು ಇಟ್ಟುಕೊಳ್ಳಿ. ನಮ್ಮ ಹಡಗು ಒಂದು ದಿನ ತಡವಾಯಿತು, ನಾಲ್ಕು ರಾತ್ರಿ ಐದಾಯಿತು. ಆ ಐದನೆಯ ರಾತ್ರಿಗೆ ಮನೆಯೊಡತಿ ಹಣ ಮುಟ್ಟಲಿಲ್ಲ.

ಇನ್ನು ಉಡುಗೊರೆಯ ವಿಷಯ. ಹಾಳಾಗದ ವಸ್ತು ಎಂದು ನಾನು ಎರಡು ಮಂಗಳೂರು ಸೌತೆಕಾಯಿಯನ್ನು ಪತ್ರಿಕೆಯಲ್ಲಿ ಸುತ್ತಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೊಚ್ಚಿಯ ದಾರಿಯಲ್ಲಿ ಒಯ್ದಿದ್ದೆ. ಕೊಡಲು ಅಡುಗೆಮನೆಗೆ ಹೋದರೆ, ಮಾಡಿನ ಅಡ್ಡಪಟ್ಟಿಗೆ ನಾರಿನ ಹಗ್ಗದಲ್ಲಿ ಕಟ್ಟಿದ ಎಂಟು ಸೌತೆಕಾಯಿಗಳು ಸಾಲಾಗಿ ತೂಗುತ್ತಿದ್ದವು. ಮಂಜಿಯಲ್ಲಿ, ನಮ್ಮ ಬಂದರಿನಿಂದಲೇ ಬಂದವು. ಆಕೆ ನಗುತ್ತಾ ನನ್ನವೆರಡನ್ನೂ ಸಾಲಿಗೆ ಸೇರಿಸಿ, ತನಗೆ ನಿಜವಾಗಿ ಬೇಕಾಗಿದ್ದದ್ದು ಕುಕ್ಕರಿನ ಗ್ಯಾಸ್ಕೆಟ್ ಎಂದರು. ಆದ್ದರಿಂದ ಕೋಣೆ ಗೊತ್ತುಮಾಡುವಾಗಲೇ ‘ಊರಿನಿಂದ ಏನು ತರಲಿ?’ ಎಂದು ಕೇಳಿಬಿಡಿ. ಗ್ಯಾಸ್ಕೆಟ್ ಆದರೆ ಎಷ್ಟು ಲೀಟರಿನದು ಎಂದೂ ಕೇಳಿ. ಮರಳಿ ಬಂದವಳು ಹಂಪನಕಟ್ಟೆಯಲ್ಲಿ ಕೊಂಡು ಮಂಜಿಯವರ ಕೈಯಲ್ಲಿ ಕಳುಹಿಸಿದ್ದು ಐದು ಲೀಟರಿನದು. ಅವರ ಕುಕ್ಕರ್ ಮೂರು ಲೀಟರಿನದು.