ತೋಡಿನ ಹತ್ರ ಬಟ್ಟೆ ಒಗೆಯೋದಾದ್ರೆ
ನಮ್ಮ ಕಾಸರಗೋಡು ಕಡೆ ಮಳೆಗಾಲದಲ್ಲಿ ತೋಡು, ಅಂದ್ರೆ ಸಣ್ಣ ಹಳ್ಳ, ತುಂಬಿ ಹರೀತದೆ, ಸೋಪಿನ ನೀರು ಹೋದ್ರೂ ತೆಳ್ಳಗಾಗಿ ಪಯಸ್ವಿನಿಗೋ ಶಿರಿಯ ಹೊಳೆಗೋ ಸೇರ್ತದೆ, ಆದ್ರೆ ಮಾರ್ಚ್ ಏಪ್ರಿಲ್‌ನಲ್ಲಿ ಬರೀ ಗುಂಡಿ ನೀರು, ಮೀನೆಲ್ಲ ಅದ್ರಲ್ಲೇ ಇರೋದು, ಆಗ ಡಿಟರ್ಜೆಂಟ್ ಬಿದ್ರೆ ಕಿವಿರಿನ ಲೋಳೆ ಪದರವೇ ಹಾಳಾಗಿ ಅವಕ್ಕೆ ಉಸಿರು ಕಟ್ತದೆ. ನೀರ ಮೇಲೆ ಓಡಾಡೋ ಉದ್ದಕಾಲಿನ ಹುಳ ನೋಡಿದ್ದೀರಲ್ಲ, ಸೋಪು ನೀರಿನ ಮೇಲ್ಮೈ ಬಿಗಿತ ತೆಗೆದುಬಿಟ್ರೆ ಅದು ಮುಳುಗ್ತದೆ. ಡಿಟರ್ಜೆಂಟಲ್ಲಿ ಫಾಸ್ಫೇಟ್ ಇದ್ರೆ ಅದು ಗೊಬ್ಬರದ ಹಾಗಾಗಿ ಪಾಚಿ ಬೇರೆ ಬೆಳೀತದೆ.

ಹಾಗಾಗಿ ನೀರು ಬಕೆಟಲ್ಲಿ ಎತ್ತಿ ದೂರ ಒಗೀರಿ, ಆ ನೀರನ್ನ ಮಣ್ಣಿಗೇ ಚೆಲ್ಲಿ, ಮಣ್ಣಿನ ಬ್ಯಾಕ್ಟೀರಿಯಾ ಸುಮಾರು ಕೆಲಸ ಮಾಡ್ತವೆ. ತೆಂಗಿನ ಬುಡಕ್ಕೆ ಹಾಕೋದಾದ್ರೆ ಬ್ಲೀಚ್, ಬೋರಾಕ್ಸ್ ಇಲ್ಲದ್ದು ನೋಡಿ, ದಿನಾ ಒಂದೇ ಮರಕ್ಕೆ ಬೇಡ. ಅಂಟುವಾಳ ನೈಸರ್ಗಿಕ ಅಂತ ತೋಡಲ್ಲೇ ಉಜ್ಜಬೇಡಿ ಮಾರಾಯ್ರೆ, ಅದ್ರಲ್ಲಿ ನೊರೆ ಬರಿಸೋ ಸಪೋನಿನ್ನೂ ಮೀನಿಗೆ ವಿಷವೇ.