ಗೋದಲಿಯಿಂದ ಶುರುವಾದ ಆಹಾರದ ಪಾಠ

ಯಲಹಂಕದ ಆಚೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ನಮ್ಮ ಮಕ್ಕಳಿಗೆ ಕೆನೆಭರಿತ ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಹಾಲು ಸಿಗುತ್ತದೆ. 2024ರಿಂದ ವಾರದ ಕೆಲವು ದಿನ ಅದಕ್ಕೆ ರಾಗಿ ಮಾಲ್ಟ್ ಕೂಡ ಬೆರೆಯುತ್ತದೆ. ಆದರೂ ಪೋಷಕಾಂಶಗಳ ಪಾಠಕ್ಕೂ ಕೈಯಲ್ಲಿರುವ ಲೋಟಕ್ಕೂ ಸಂಬಂಧವಿದೆಯೆಂದು ಅವರಿಗೆ ಅನಿಸುತ್ತಿರಲಿಲ್ಲ. ಹೀಗಾಗಿ ಪಾಠವನ್ನು ಮನುಷ್ಯರ ಆಹಾರದಿಂದಲ್ಲ, ಹಸುವಿನ ಆಹಾರದಿಂದ ಆರಂಭಿಸಬೇಕೆಂದು ತೀರ್ಮಾನಿಸಿದೆ.

ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ ಮತ್ತು ಪೋಷಕರ ಸಹಿ ಪಡೆಯುವುದು ಕಷ್ಟವಾಗಲಿಲ್ಲ. ಹೊತ್ತು ಹೊಂದಿಸುವುದೇ ಕಷ್ಟವಾಯಿತು. ಹಾಲು ಉತ್ಪಾದಕರ ಸಂಘದ ಡೇರಿ ಬೆಳಿಗ್ಗೆ ಮತ್ತು ಸಂಜೆ ಮಾತ್ರ ತೆರೆದಿರುವುದರಿಂದ ಸಂಜೆಯ ಹಾಲು ಹಾಕುವ ಸಮಯವನ್ನೇ ಆರಿಸಿಕೊಂಡು, ಅದಕ್ಕೆ ಮೊದಲು ಹಸು ಸಾಕಿದವರೊಬ್ಬರ ಕೊಟ್ಟಿಗೆಗೆ ಮಕ್ಕಳನ್ನು ಕರೆದೊಯ್ದೆ.

ಕೊಟ್ಟಿಗೆಯ ಯಜಮಾನಿ ಮೊದಲು ತೋರಿಸಿದ್ದು ಹಸುವನ್ನಲ್ಲ, ಗೋದಲಿಯನ್ನು. ಕತ್ತರಿಸಿದ ಸೀಮೆಹುಲ್ಲು, ಒಣ ರಾಗಿಹುಲ್ಲು, ಬೂಸಾ, ಹಿಂಡಿ, ಜೊತೆಗೆ ಒಂದು ಹಿಡಿ ಖನಿಜ ಮಿಶ್ರಣ. ಹಸಿಮೇವೊಂದನ್ನೇ ಹಾಕಿದರೆ ಸಾಲದೇ ಎಂದು ಹುಡುಗನೊಬ್ಬ ಕೇಳಿದಾಗ ಆಕೆ, “ನಿಂಗೆ ದಿನಾ ಬರೀ ಅನ್ನ ಇಕ್ಕಿದ್ರೆ ಆಯ್ತದಾ ಮಗ?” ಎಂದರು. ನಾನು ಕಪ್ಪುಹಲಗೆಯ ಮೇಲೆ ಎಷ್ಟು ಬರೆದಿದ್ದರೂ ಇಷ್ಟು ಸಲೀಸಾಗಿ ತಲುಪುತ್ತಿರಲಿಲ್ಲ. ದೇಹದ ಪೋಷಣೆಗೆ ಕೊಡುವ ಹಿಂಡಿಯ ಜೊತೆಗೆ, ಕರೆಯುವ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಸುಮಾರು ಒಂದು ಕಿಲೋ ಹಿಂಡಿ ಹೆಚ್ಚುವರಿಯಾಗಿ ಬೇಕೆಂಬ ಲೆಕ್ಕವನ್ನು ಮಕ್ಕಳು ಅಲ್ಲೇ ಹಾಕಿದರು. ಹಿಂಡಿಯ ದರ ಕೇಳಿದ ಮೇಲೆ ಲೆಕ್ಕ ತಾನಾಗಿಯೇ ಬೆಳೆಯಿತು.

ಸುಣ್ಣದಂಶದ ವಿಷಯ ಇನ್ನೂ ಚೆನ್ನಾಗಿ ಬಂತು. ಕರು ಹಾಕಿದ ಮೇಲೆ ಹಾಲಿಗೆ ಒಮ್ಮೆಲೇ ಕ್ಯಾಲ್ಸಿಯಂ ಹರಿದುಹೋಗಿ, ರಕ್ತದಲ್ಲಿ ಅದು ಕಡಿಮೆಯಾದರೆ ಹಸು ಏಳಲಾಗದೆ ಮಲಗಿಬಿಡುತ್ತದೆ. ಇದಕ್ಕೆ ಹಾಲುಜ್ವರ ಎನ್ನುತ್ತಾರೆ, ಹೆಸರು ಜ್ವರವಾದರೂ ಮೈ ಬಿಸಿಯಾಗುವುದಿಲ್ಲ. ವೈದ್ಯರು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟ ಸ್ವಲ್ಪ ಹೊತ್ತಿಗೆ ತಮ್ಮ ಹಸು ಎದ್ದು ನಿಂತಿದ್ದನ್ನು ಯಜಮಾನಿ ವಿವರಿಸಿದರು. ಕ್ಯಾಲ್ಸಿಯಂ ಮೂಳೆಗಷ್ಟೇ ಅಲ್ಲ, ಸ್ನಾಯುಗಳ ಕೆಲಸಕ್ಕೂ ಬೇಕೆಂಬುದನ್ನು ನಾನು ಮತ್ತೆ ಹೇಳಬೇಕಾಗಲಿಲ್ಲ.

ಡೇರಿಯಲ್ಲಿ ಕಾರ್ಯದರ್ಶಿಗಳು ಪ್ರತಿ ಕ್ಯಾನಿನ ಹಾಲಿನ ಮಾದರಿಯನ್ನು ಯಂತ್ರಕ್ಕಿಟ್ಟು ಕೊಬ್ಬು ಮತ್ತು ಕೊಬ್ಬೇತರ ಘನಾಂಶವನ್ನು (ನೀರು, ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಪ್ರೋಟೀನ್, ಸಕ್ಕರೆ, ಖನಿಜ ಮೊದಲಾದವು) ಓದಿ ಹೇಳಿದರು. ಮನೆಯಿಂದ ತರಲು ಹೇಳಿದ್ದ ನಂದಿನಿಯ ನೀಲಿ ಪ್ಯಾಕೆಟ್ಟಿನ ಮೇಲೆ ಕೊಬ್ಬು ಶೇ 3.0, ಕೊಬ್ಬೇತರ ಘನಾಂಶ ಶೇ 8.5 ಎಂದಿತ್ತು. ರೈತರ ಹಾಲಿನಲ್ಲಿ ಕೊಬ್ಬು ಹೆಚ್ಚಿದ್ದುದನ್ನು ಕಂಡು, ಉಳಿದದ್ದು ಎಲ್ಲಿಗೆ ಹೋಯಿತೆಂದು ಒಬ್ಬಳು ಕೇಳಿದಳು; ಬೆಣ್ಣೆ, ತುಪ್ಪದ ಮಾತಿಗೆ ದಾರಿಯಾಯಿತು. ಹಾಲು ಹಾಕಲು ಬಂದವರಲ್ಲಿ ಹೆಂಗಸರೇ ಹೆಚ್ಚು, ಮತ್ತು ಯಂತ್ರದ ಅಂಕಿಯನ್ನು ಅವರು ಎಷ್ಟು ಗಮನವಿಟ್ಟು ನೋಡುತ್ತಿದ್ದರೆಂಬುದೂ ಮಕ್ಕಳ ಕಣ್ಣಿಗೆ ಬಿತ್ತು.

ಮರುದಿನ ತರಗತಿಯಲ್ಲಿ ಪ್ರತಿಯೊಬ್ಬರೂ ಹಸುವಿನ ಒಂದು ದಿನದ ಮೇವಿನ ಪಕ್ಕದಲ್ಲಿ ತಮ್ಮ ಒಂದು ದಿನದ ಊಟವನ್ನು ಬರೆದರು. ಹಲವರ ಪಟ್ಟಿಯಲ್ಲಿ ಬೆಳಗಿನ ತಿಂಡಿಯ ಜಾಗದಲ್ಲಿ ಟೀ ಮತ್ತು ಬನ್ ಇತ್ತು. ಹಾಲೇ ಪೂರ್ಣಾಹಾರವೆಂದು ಹೊಗಳುವ ರೂಢಿ ನನಗೆ ಒಪ್ಪಿಗೆಯಿಲ್ಲ: ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಕ್ಯಾಲ್ಸಿಯಂನಲ್ಲಿ ನೂರು ಗ್ರಾಂ ರಾಗಿ ನೂರು ಗ್ರಾಂ ಹಾಲಿಗಿಂತ ಬಹಳ ಮುಂದೆ. ರಾಗಿಯ ಕಾಳು ನಮಗೆ, ಹುಲ್ಲು ಹಸುವಿಗೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಸೇರುತ್ತದೆ, ಊಟದ ಜೊತೆ ಟೀ ಕುಡಿದರೆ ಕಡಿಮೆ ಸೇರುತ್ತದೆ ಎಂಬುದನ್ನು ಪಟ್ಟಿಯ ಕೆಳಗೆ ಬರೆಸಿದೆ.

ಹೀಗೆ ಕರೆದೊಯ್ಯಬೇಕೆಂದಿರುವ ಶಿಕ್ಷಕರು ಹಸಿ ಹಾಲನ್ನು ಮಕ್ಕಳಿಗೆ ರುಚಿ ನೋಡಲು ಕೊಡಬಾರದು, ಕೊಟ್ಟಿಗೆಯಿಂದ ಹೊರಟೊಡನೆ ಸೋಪಿನಿಂದ ಕೈ ತೊಳೆಸಬೇಕು. ಸುತ್ತಮುತ್ತ ಕಾಲುಬಾಯಿ ಜ್ವರ ಕಾಣಿಸಿಕೊಂಡಿದ್ದರೆ ಭೇಟಿಯನ್ನೇ ಮುಂದೂಡಬೇಕು, ಏಕೆಂದರೆ ಆ ಸೋಂಕು ನಮ್ಮ ಚಪ್ಪಲಿಯಲ್ಲೇ ಮುಂದಿನ ಕೊಟ್ಟಿಗೆಗೆ ಹೋಗಬಹುದು.