ದಿನಕ್ಕೆರಡು ಸಲ ಖಾಲಿಯಾಗುತ್ತಿದ್ದ ಕೆರೆ

‘ಮನೆ ಎದುರಿಗೇ ದೊಡ್ಡ ಕೆರೆಯಿದೆ’ ಅಂತ ಅಪ್ಪ ಕಾಗದ ಬರೆದಿದ್ದರು. ಲಾಖ್ ಅನ್ನುವುದಕ್ಕೆ ಅವರಿಗೆ ಹೊಳೆದ ಕನ್ನಡ ಅದು. 1976ರ ಸೆಪ್ಟೆಂಬರಿನಲ್ಲಿ ನಾನೂ ಅಮ್ಮನೂ ಸಾಗರದಿಂದ ಹೊರಟು ಸ್ಕಾಟ್ಲೆಂಡಿನ ಪಶ್ಚಿಮ ಅಂಚಿನ ಲಾಖ್‌ಕ್ಯಾರನ್ ಎಂಬ ಹಳ್ಳಿ ಮುಟ್ಟುವಾಗ ರಾತ್ರಿಯಾಗಿತ್ತು. ಬೆಳಗ್ಗೆ ಎದ್ದು ಕಿಟಕಿಯ ಪರದೆ ಸರಿಸಿದರೆ ಕೆರೆಯೇ ಇಲ್ಲ. ಕಪ್ಪು ಕಲ್ಲು, ಕೆಸರು, ಕಂದುಬಣ್ಣದ ಕಡಲಪಾಚಿ, ಆಚೆ ದೂರದಲ್ಲಿ ಒಂದು ಗೆರೆಯಷ್ಟು ನೀರು. ಮಧ್ಯಾಹ್ನ ಉಣ್ಣಲು ಕೂರುವ ಹೊತ್ತಿಗೆ ನೀರು ರಸ್ತೆಯ ಬುಡಕ್ಕೆ ಬಂದು ನಿಂತಿತ್ತು. ‘ಇದೆಂಥ ಕೆರೆ ಮಾರಾಯ್ರೇ, ಬರ್ತದೆ, ಹೋಗ್ತದೆ!’ ಅಂದಳು ಅಮ್ಮ.

ಅದು ಕೆರೆಯಲ್ಲ, ನೆಲದೊಳಗೆ ಬೆರಳು ಚಾಚಿದ ಸಮುದ್ರ. ಸ್ಕಾಟ್ಲೆಂಡಿನವರು ಸಿಹಿನೀರಿನ ಲೋಮಂಡ್, ನೆಸ್‌ಗಳನ್ನೂ ಲಾಖ್ ಅನ್ನುತ್ತಾರೆ, ಉಪ್ಪುನೀರಿನ ಕ್ಯಾರನ್, ಫೈನ್, ಬ್ರೂಮ್‌ಗಳನ್ನೂ ಲಾಖ್ ಅನ್ನುತ್ತಾರೆ. ಅಪ್ಪನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಸಮುದ್ರ ಅಂದರೆ ಅಮ್ಮ ಹೊರಡುತ್ತಿರಲಿಲ್ಲ.

ಆ ಎರಡು ವರ್ಷಗಳನ್ನು ಬರೆದಿಡಬೇಕೆಂದು ಹೊರಟಾಗ ನನಗೆ ಐವತ್ತು ದಾಟಿತ್ತು. ಸಾಗರದ ಅಜ್ಜಿಮನೆಯ ಟ್ರಂಕಿನಲ್ಲಿ ಅಮ್ಮ ತನ್ನ ತಾಯಿಗೆ ಬರೆದ ನೀಲಿ ಏರೋಗ್ರಾಂಗಳು ಕಟ್ಟುಕಟ್ಟಾಗಿ ಇದ್ದವು. ನಾನು ಅವನ್ನು ಬಿಚ್ಚಲಿಲ್ಲ. ಮೊದಲು ನೆನಪಿದ್ದಷ್ಟನ್ನೂ ಒಂದು ನೋಟ್‌ಬುಕ್ಕಿನ ಎಡಪುಟಗಳಲ್ಲಿ ಮಾತ್ರ ಬರೆದೆ. ಆಮೇಲೆ ಕಾಗದ ಓದುತ್ತ, ಆ ಪ್ರದೇಶದ ನಕ್ಷೆ ಹರಡಿಕೊಂಡು, ಬಲಪುಟಗಳಲ್ಲಿ ಸರಿತಪ್ಪು ಗುರುತಿಸಿದೆ. ಕಾಗದ ಮೊದಲೇ ಓದಿಬಿಟ್ಟಿದ್ದರೆ ಅಮ್ಮನ ನೆನಪು ಯಾವುದು, ನನ್ನದು ಯಾವುದು ಎಂದು ಬಿಡಿಸುವುದೇ ಆಗುತ್ತಿರಲಿಲ್ಲ.

ಬಾಯಿಗೆ, ಮೂಗಿಗೆ ಸಂಬಂಧಪಟ್ಟದ್ದು ಹೆಚ್ಚುಕಮ್ಮಿ ಎಲ್ಲ ಸರಿಯಿತ್ತು. ಅಲ್ಲಿ ಸಿಗುತ್ತಿದ್ದ ಅಕ್ಕಿ ಒಂದೇ, ಹಾಲು ಸಕ್ಕರೆ ಹಾಕಿ ಪುಡಿಂಗ್ ಮಾಡುವ ಗುಂಡಕ್ಕಿ. ಎಷ್ಟು ಜಾಗ್ರತೆ ಮಾಡಿದರೂ ಅನ್ನ ಗಂಜಿಯ ಅಣ್ಣನಾಗುತ್ತಿತ್ತು. ತೊಗರಿಬೇಳೆಗೆ ಬದಲು ಅಲ್ಲಿಯವರು ಸೂಪಿಗೆ ಹಾಕುವ ಹಳದಿ ಬಟಾಣಿಬೇಳೆ. ಊರಿಂದ ತಂದ ಹುಣಸೆಹಣ್ಣು ಮೊದಲ ಚಳಿಗಾಲಕ್ಕೇ ಮುಗಿಯಿತು. ವಸಂತ ಬಂದಾಗ ಪಕ್ಕದ ಮನೆಯ ಅಜ್ಜಿ ತನ್ನ ಹಿತ್ತಿಲಿನ ರೂಬಾರ್ಬ್ ಕೊಟ್ಟಳು: ಕೆಂಪು ದಂಟು, ತುದಿಯಲ್ಲಿ ಮೊರದಗಲ ಎಲೆ. ದಂಟು ಕಚ್ಚಿ ನೋಡಿದ ಅಮ್ಮನ ಮುಖ ಹುಳಿಗೆ ಅರಳಿತು. ಅದನ್ನು ಬೇಯಿಸಿ ಕಂದು ಸಕ್ಕರೆ ಹಾಕಿ ಮಾಡಿದ ಗೊಜ್ಜು ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ. ಆದರೆ ಮಲೆನಾಡಿನ ಹೆಂಗಸು ಅಷ್ಟು ದೊಡ್ಡ ಎಲೆಯನ್ನು ಬಿಸಾಡುತ್ತಾಳೆಯೇ? ಕೆಸುವಿನ ಎಲೆಯ ಹಾಗೆ ಪತ್ರೊಡೆ ಮಾಡೋಣ ಅಂತ ಅಕ್ಕಿ ನೆನೆಸಿದ್ದಳು. ಏನೋ ಕೇಳಲು ಬಂದ ಅಜ್ಜಿ, ತೊಳೆದು ಒರೆಸಿಟ್ಟ ಎಲೆಗಳನ್ನು ಕಂಡವಳೇ ಒಂದು ಮಾತೂ ಆಡದೆ ಎಲ್ಲ ಬಾಚಿಕೊಂಡು ಹೋಗಿ ಗೊಬ್ಬರದ ಗುಂಡಿಗೆ ಹಾಕಿ ಬಂದಳು. ರೂಬಾರ್ಬಿನ ದಂಟು ಊಟ, ಎಲೆ ವಿಷ. ನೆನೆಸಿದ ಅಕ್ಕಿಯಲ್ಲಿ ಆವತ್ತು ದೋಸೆಯಾಯಿತು. ಮುಟ್ಟಲೋ ಬೇಡವೋ ಅನ್ನುತ್ತಲೇ ಅಜ್ಜಿ ಮೂರು ತಿಂದಳು.

ಮಳೆ ನಮಗೆ ಹೊಸದಾಗಿರಲಿಲ್ಲ. ಸಂಜೆಯ ಹೊತ್ತು ಮುಖಕ್ಕೆ ಮುತ್ತುವ ಮಿಡ್ಜ್ ಎಂಬ ಹುಳವನ್ನೂ ನೊರಜಿನ ಪೈಕಿ ಎಂದು ಒಪ್ಪಿಕೊಂಡೆವು. ಅಮ್ಮ ನಿಜವಾಗಿ ಹೆದರಿದ್ದು ಒಂದೇ ಸಲ. ಗುಡ್ಡದ ಜರಿಗಿಡಗಳ ನಡುವೆ ಆಡಿಬಂದ ನನ್ನ ಮೊಣಕಾಲಿನ ಹಿಂದೆ ಉಣುಗು ಕಚ್ಚಿಕೊಂಡಿತ್ತು. 1957ರಲ್ಲಿ ಮಂಗನ ಕಾಯಿಲೆ ಮೊದಲು ಗುರುತಾದ ಕ್ಯಾಸನೂರು ಕಾಡು ನಮ್ಮ ಪಕ್ಕದ ಸೊರಬದ ಸೀಮೆ. ಉಣುಗು ಕಂಡರೆ ಮನೆಯವರೆಲ್ಲ ಮಾತು ನಿಲ್ಲಿಸುವ ಊರಿನಿಂದ ಬಂದವಳು ಅವಳು. ‘ಇಲ್ಲಿ ಮಂಗವೇ ಇಲ್ಲ, ಸುಮ್ಮನಿರು’ ಅಂದರು ಅಪ್ಪ. ಅಜ್ಜಿ ಚಿಮಟದಲ್ಲಿ ಉಣುಗು ತೆಗೆಯುತ್ತ, ಇದು ಕುರಿಗೆ ಕಚ್ಚಿದರೆ ಲೌಪಿಂಗ್ ಇಲ್ ಅಂತ ಒಂದು ಕಾಯಿಲೆ ಬರುತ್ತದೆ, ಕುರಿ ನಡುಗಿ ಕುಪ್ಪಳಿಸುತ್ತದೆ ಅಂದಳಂತೆ. ಬಹಳ ವರ್ಷಗಳ ಮೇಲೆ ಓದಿ ತಿಳಿದೆ: ಆ ವೈರಸ್ಸೂ ನಮ್ಮ ಮಂಗನ ಕಾಯಿಲೆಯ ವೈರಸ್ಸೂ ದಾಯಾದಿಗಳು. ಅಮ್ಮನ ಹೆದರಿಕೆಯನ್ನು ನಾವು ನಗೆಯಾಡಿದ್ದು ತಪ್ಪಾಯಿತು.

ಭಾನುವಾರ ಊರಿನಲ್ಲಿ ಚರ್ಚಿನ ಹೊರತು ಏನೂ ನಡೆಯುತ್ತಿರಲಿಲ್ಲ. ಗಾಳಿ ಚೆನ್ನಾಗಿದೆ ಅಂತ ಅಮ್ಮ ಒಂದು ಭಾನುವಾರ ಎರಡು ಸೀರೆ ಒಗೆದು ಹಗ್ಗಕ್ಕೆ ಹಾಕಿದಳು. ಲಾಖಿನ ಆಚೆ ದಡದ ರೈಲಿನವರಿಗೂ ಕಾಣುವ ಹಾಗೆ ಹನ್ನೆರಡು ಗಜ ಬಟ್ಟೆ ಪಟಪಟ ಹಾರಿತು. ಯಾರೂ ಬೈಯಲಿಲ್ಲ. ಸೋಮವಾರ ಅಜ್ಜಿ ಬಂದು, ಈ ಊರಲ್ಲಿ ಭಾನುವಾರ ಬಟ್ಟೆ ಒಣಗಿಸುವ ರೂಢಿ ಇಲ್ಲ ಅಂತ ಮೆಲ್ಲಗೆ ಹೇಳಿದಳು. ‘ಇವರಲ್ಲೂ ಮಡಿ ಉಂಟು’ ಎಂದು ಅಮ್ಮ ಅಮ್ಮಮ್ಮನಿಗೆ ಬರೆದಿದ್ದಾಳೆ, ತುಸು ಸಮಾಧಾನದಿಂದಲೇ.

ನನ್ನ ಹೆಮ್ಮೆಯ ಕಸುಬೊಂದಿತ್ತು. ನೀರಿಳಿದಾಗ ಕಲ್ಲುಗಳ ಸಂದಿಯಲ್ಲಿ ವಿಂಕಲ್ ಎಂಬ ಕಪ್ಪು ಶಂಖದ ಹುಳು ಸಿಗುತ್ತಿತ್ತು. ಶಾಲೆಯ ಮಕ್ಕಳು ಆರಿಸಿ ಚೀಲ ತುಂಬಿಸಿ ವ್ಯಾಪಾರಿಗೆ ಮಾರುತ್ತಿದ್ದರು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ನಾನು ಗುಟ್ಟಾಗಿ ಸೇರಿಕೊಂಡೆ. ಯಾವತ್ತು ನೀರು ತುಂಬ ಕೆಳಗಿಳಿಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಮನೆಯಲ್ಲಿ ನೆವ ಹೇಳಲು ಅನುಕೂಲ. ಅಮ್ಮಮ್ಮ ಯುಗಾದಿಗೆ ಅಂಚೆಯಲ್ಲಿ ಕಳಿಸಿದ ಪಂಚಾಂಗ ಕೆಲಸಕ್ಕೆ ಬಂತು. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ನಾಲ್ಕು ಮೀಟರಿಗೂ ಮೇಲೆ ವ್ಯತ್ಯಾಸ. ಆ ದಿನಗಳಲ್ಲಿ ಇಳಿತ ಮಧ್ಯಾಹ್ನದ ಹೊತ್ತಿಗೇ ಬೀಳುತ್ತದೆ. ಅಲ್ಲಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಮುಂದೆ ಹೋಗುತ್ತದೆ. ಅಷ್ಟಮಿಯ ಸುಮಾರಿಗೆ ಹೋದರೆ ಕಾಲು ಒದ್ದೆಯೇ ಹೊರತು ಚೀಲ ತುಂಬುವುದಿಲ್ಲ. ಇದನ್ನೆಲ್ಲ ನಾನು ಒಂಬತ್ತರ ವಯಸ್ಸಿನಲ್ಲಿ ತಿಥಿಯ ಪಕ್ಕ ಪೆನ್ಸಿಲಿನಲ್ಲಿ ಗುರುತುಹಾಕಿ ಕಂಡುಕೊಂಡದ್ದು. ಊರಿನ ಮಕ್ಕಳಿಗೆ ಇದೇನೂ ಪವಾಡವಲ್ಲ, ಅವರ ಮನೆಗಳಲ್ಲಿ ಉಬ್ಬರವಿಳಿತದ ಅಚ್ಚಾದ ಪಟ್ಟಿಯೇ ಇತ್ತು.

ಒಂದು ಸಲ ಮಾತ್ರ ಲೆಕ್ಕ ಸರಿಯಿದ್ದೂ ಸಿಕ್ಕಿಬಿದ್ದೆ. ನೀರು ಎದುರಿನಿಂದ ಬರುತ್ತದೆ ಅಂದುಕೊಂಡಿದ್ದೆ. ಬೆನ್ನ ಹಿಂದಿನ ತಗ್ಗಿನಲ್ಲಿ ಸದ್ದಿಲ್ಲದೆ ತುಂಬಿಕೊಂಡು, ನಾನು ನಿಂತ ಬಂಡೆಯನ್ನು ದ್ವೀಪ ಮಾಡಿತ್ತು. ಬೂಟಿನೊಳಗೆ ನೀರು ತುಂಬಿ ಮಂಡಿಯವರೆಗೆ ತೊಯ್ದು ಮನೆಗೆ ಬಂದೆ. ಅಮ್ಮ ಮೊದಲು ಬೂಟು ನೋಡಿದಳು, ಆಮೇಲೆ ಚೀಲ ಮೂಸಿದಳು. ಪಂಚಾಂಗ ದೇವರ ಗೂಡಿನ ಮೇಲಿನ ತಟ್ಟಿಗೆ ಹೋಯಿತು.

ಅಪ್ಪ ಲಿಂಗನಮಕ್ಕಿಯಲ್ಲಿ ಕೆಲಸ ಕಲಿತು ಆಮೇಲೆ ಗ್ಲಾಸ್ಗೋದಲ್ಲಿ ಓದಿದ ಕಾಂಕ್ರೀಟಿನ ಎಂಜಿನಿಯರು. ಗುಡ್ಡದಾಚೆ ಕಿಶಾರ್ನ್ ಎಂಬಲ್ಲಿ ಉತ್ತರ ಸಮುದ್ರದ ತೈಲಕ್ಕಾಗಿ ನಿನಿಯನ್ ಸೆಂಟ್ರಲ್ ಎಂಬ ಕಾಂಕ್ರೀಟ್ ಗೋಪುರ ಕಟ್ಟುತ್ತಿದ್ದರು. ತೂಕ ಆರು ಲಕ್ಷ ಟನ್. ಮನುಷ್ಯ ಮಾಡಿ ಜಾಗ ಕದಲಿಸಿದ ವಸ್ತುಗಳಲ್ಲಿ ಅಷ್ಟು ದೊಡ್ಡದು ಅದುವರೆಗೆ ಇರಲಿಲ್ಲ ಅನ್ನುತ್ತಿದ್ದರು. ಕೆಲಸಗಾರರಿಗೆ ಮನೆ ಸಾಲದೆ ಹಳೆಯ ಹಡಗನ್ನೇ ತಂದು ನಿಲ್ಲಿಸಿ ಹಾಸ್ಟೆಲ್ ಮಾಡಿದ್ದರು. ಮುಚ್ಚಿಬಿಡಲು ಹೊರಟಿದ್ದ ಆಚೆ ದಡದ ಕೈಲ್ ರೈಲುಮಾರ್ಗ ಉಳಿದದ್ದಕ್ಕೂ ಈ ತೈಲದ ಕೆಲಸ ಒಂದು ಕಾರಣ. 1978ರ ಮೇ ತಿಂಗಳಲ್ಲಿ ಟಗ್ ದೋಣಿಗಳು ಗೋಪುರವನ್ನು ಶೆಟ್ಲೆಂಡಿನಾಚೆಗೆ ಎಳೆದೊಯ್ದವು.

ಎಡಪುಟದಲ್ಲಿ ನಾನು ಬರೆದದ್ದು: ನಮ್ಮ ಕಿಟಕಿಯಲ್ಲಿ ನಿಂತು ನೋಡಿದೆ, ಬೂದುಬಣ್ಣದ ಗೋಪುರ ನೀರಿನ ಮೇಲೆ ನಿಧಾನಕ್ಕೆ ಸರಿದು ಹೋಯಿತು, ಅಪ್ಪ ಟೋಪಿ ತೆಗೆದರು. ಸುಮಾರು ಎರಡು ಪುಟ. ಇಡೀ ಬರಹದಲ್ಲಿ ನನಗೆ ಬಹಳ ಇಷ್ಟವಾದ ಭಾಗ.

ನಕ್ಷೆ ಬಿಡಿಸಿದೆ. ಲಾಖ್‌ಕ್ಯಾರನ್ನಿನಿಂದ ಕಿಶಾರ್ನ್ ಕಾಣುವುದಿಲ್ಲ, ಮಧ್ಯೆ ಗುಡ್ಡ. ಗೋಪುರದ ಕೊನೆಯ ಕೆಲಸ ನಡೆದದ್ದಂತೂ ಇನ್ನೂ ಆಚೆ, ರಾಸೇ ದ್ವೀಪದ ಕಡೆಯ ಆಳದ ನೀರಿನಲ್ಲಿ. ಅಪ್ಪ ನಮ್ಮನ್ನು ಒಮ್ಮೆ ಕಾರಿನಲ್ಲಿ ಬ್ಯಾಲಖ್ ನ ಬಾ ಘಾಟಿಗೆ ಹತ್ತಿಸಿದ್ದರು. ದನಗಳ ಕಣಿವೆ ಅಂತ ಅದರ ಗೇಲಿಕ್ ಹೆಸರಿನ ಅರ್ಥ, 626 ಮೀಟರ್ ಎತ್ತರ, ನಮ್ಮ ಆಗುಂಬೆಯ ಹಾಗೆ ತಿರುವು. ಗೋಪುರ ಕಂಡಿದ್ದರೆ ಅಲ್ಲಿಂದ ಕಂಡಿರಬೇಕು. ಅಪ್ಪ ಟೋಪಿ ಹಾಕುತ್ತಲೇ ಇರಲಿಲ್ಲ ಎಂದು ಫೋಟೊಗಳು ಹೇಳುತ್ತವೆ.

ಆ ತಿಂಗಳ ಏರೋಗ್ರಾಂ ಹುಡುಕಿದೆ. ಮಡಿಕೆಯ ಅಂಚಿನವರೆಗೂ ಒತ್ತೊತ್ತಾಗಿ ಬರೆದಿದ್ದಾಳೆ, ಹೆಚ್ಚಿನದು ಊರಿಗೆ ಬರುವ ಟಿಕೇಟಿನ ವಿಚಾರ. ನಡುವೆ ನಾಲ್ಕು ಸಾಲು: ‘ಇವರ ಗೋಪುರ ನಿನ್ನೆ ಹೋಯಿತಂತೆ. ಇವರು ರಾತ್ರಿ ಬಹಳ ಹೊತ್ತು ಅದನ್ನೇ ಹೇಳುತ್ತಿದ್ದರು. ಕೂಸಿಗೆ ಮೂರು ದಿನದಿಂದ ಜ್ವರ, ಕಿಟಕಿ ಹತ್ತಿರ ಮಲಗಿಸಿದ್ದೇನೆ. ಕೆರೆಯಲ್ಲಿ ನೀರಿರಲಿಲ್ಲ.’